ಸಂಗಾತಿಗೆ ಸೋರಿಯಾಟಿಕ್ ಆರ್ಥ್ರೈಟಿಸ್ ಇದ್ದಾಗ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಪತಿಗೋ ಪತ್ನಿಗೋ ಸೋರಿಯಾಟಿಕ್ ಆರ್ಥ್ರೈಟಿಸ್ ಇದೆಯೆಂದು ವೈದ್ಯರು ಹೇಳಿ ಕಳಿಸಿದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ವಿರಾಜಪೇಟೆಯಿಂದ ಬರಲಿ, ಸೋಮವಾರಪೇಟೆಯಿಂದ ಬರಲಿ, ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ: ಇದು ಅಂಟುತ್ತದೆಯೇ, ಮಾತ್ರೆಯನ್ನು ಎಷ್ಟು ಕಾಲ ನುಂಗಬೇಕು, ಮಳೆಗಾಲದಲ್ಲಿ ಏನು ಗತಿ, ನಿನ್ನೆ ಇಡೀ ತೋಟ ಸುತ್ತಿ ಬಂದವರು ಇಂದು ಕಾಫಿ ಲೋಟ ಹಿಡಿಯಲಾರೆ ಎಂದರೆ ಹೇಗೆ ನಂಬುವುದು. ನನ್ನ ಪತಿಗೆ ಈ ಕಾಯಿಲೆ ಬಂದು 11 ವರ್ಷಗಳಾದವು. ನಾನು ವೈದ್ಯೆಯಲ್ಲವಾದ್ದರಿಂದ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ. ಔಷಧ ಮನೆಗೆ ಬಂದ ಮೇಲಿನ ಕೆಲಸವನ್ನು ಮಾತ್ರ ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಆರಂಭಿಸುವ ಮುನ್ನ ಕೆಲವು ವಸ್ತುಗಳನ್ನು ಹೊಂದಿಸಿಕೊಳ್ಳಿ. ಇನ್ನೂರು ಪುಟದ ಒಂದು ನೋಟ್‌ಬುಕ್, ಎಲ್ಲ ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಇಡಲು ಒಂದು ಫೈಲು, ಗೋಡೆಗೆ ತೂಗುಹಾಕುವ ದೊಡ್ಡ ಅಕ್ಷರಗಳ ಕ್ಯಾಲೆಂಡರ್, ಜ್ವರ ನೋಡುವ ಥರ್ಮಾಮೀಟರ್, ಬಿಸಿನೀರಿನ ರಬ್ಬರ್ ಚೀಲ ಇಷ್ಟಿದ್ದರೆ ಸಾಕು. ಚುಚ್ಚುಮದ್ದು ಆರಂಭವಾಗಿದ್ದರೆ ಫ್ರಿಜ್ಜಿನೊಳಗೆ ಇಡುವ ಥರ್ಮಾಮೀಟರ್, ಮುಚ್ಚಳ ಬಿಗಿಯಾಗಿರುವ ಒಂದು ಥರ್ಮೋಕೋಲ್ ಪೆಟ್ಟಿಗೆ, ಜೆಲ್ ಪ್ಯಾಕುಗಳೂ ಬೇಕಾಗುತ್ತವೆ. ಇವುಗಳಲ್ಲಿ ನೋಟ್‌ಬುಕ್ಕೇ ಮುಖ್ಯವೆಂದು ಮುಂದೆ ನಿಮಗೇ ತಿಳಿಯುತ್ತದೆ.

1. ಕಾಯಿಲೆ ಯಾವುದೆಂದು ಸರಿಯಾಗಿ ತಿಳಿದುಕೊಳ್ಳಿ

ಸೋರಿಯಾಸಿಸ್ ಎಂದರೆ ಚರ್ಮದ ಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳಿಯಂಥ ಹೊಟ್ಟು ಉದುರುವ ಕಾಯಿಲೆ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವುದರಿಂದ ಇದು ಬರುತ್ತದೆ. ಅದೇ ಉರಿಯೂತ ಕೀಲುಗಳಿಗೂ, ಸ್ನಾಯುವಿನ ಹುರಿ ಎಲುಬಿಗೆ ಕೂಡುವ ಜಾಗಗಳಿಗೂ ತಗುಲಿದಾಗ ಸೋರಿಯಾಟಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಸೋರಿಯಾಸಿಸ್ ಇರುವವರಲ್ಲಿ ಶೇಕಡ 30ರಷ್ಟು ಜನರಿಗೆ ಇದು ಬರಬಹುದು. ಹೆಚ್ಚಾಗಿ 30ರಿಂದ 50ರ ವಯಸ್ಸಿನೊಳಗೆ, ಗಂಡಸರು ಹೆಂಗಸರೆಂಬ ಭೇದವಿಲ್ಲದೆ ಕಾಣಿಸಿಕೊಳ್ಳುತ್ತದೆ. ಬಹುಮಂದಿಗೆ ಚರ್ಮದ ತೊಂದರೆ ಮೊದಲು ಬಂದು, ವರ್ಷಗಳ ನಂತರ ಕೀಲು ಹಿಡಿಯುತ್ತದೆ. ಕೆಲವರಿಗೆ ಕೀಲುನೋವೇ ಮೊದಲಾಗುವುದರಿಂದ ಕಾಯಿಲೆಯ ಹೆಸರು ಗೊತ್ತಾಗುವಷ್ಟರಲ್ಲಿ ಬಹಳ ಕಾಲ ಕಳೆದಿರುತ್ತದೆ.

ಕೆಲವು ಗುರುತುಗಳನ್ನು ಸಂಗಾತಿಯೇ ಮೊದಲು ನೋಡಬಲ್ಲರು. ಒಂದು ಬೆರಳು ಬುಡದಿಂದ ತುದಿಯವರೆಗೆ ಬಾಳೆಕಾಯಿಯಂತೆ ಊದಿಕೊಂಡರೆ ಅದನ್ನು ಡ್ಯಾಕ್ಟಿಲೈಟಿಸ್ ಎನ್ನುತ್ತಾರೆ. ಹಿಮ್ಮಡಿಯ ಹಿಂಭಾಗದಲ್ಲೋ ಅಂಗಾಲಿನಲ್ಲೋ ಹುರಿ ಕೂಡುವ ಜಾಗ ನೋಯುತ್ತಿದ್ದರೆ ಅದು ಎಂಥೆಸೈಟಿಸ್. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು, ಕೆಳಗಿನ ಚರ್ಮದಿಂದ ಬಿಟ್ಟುಕೊಂಡು ಎದ್ದ ಉಗುರು, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಬಿಡದ ಬಿಗಿತ ಇವೂ ಲಕ್ಷಣಗಳೇ. ನೆತ್ತಿ, ಕಿವಿಯ ಹಿಂದೆ, ಹೊಕ್ಕುಳು, ಪೃಷ್ಠದ ಸೀಳು ಇವು ರೋಗಿಗೆ ಕಾಣದ, ಹಲವರು ವೈದ್ಯರಿಗೂ ತೋರಿಸದ ಜಾಗಗಳು. ಅಲ್ಲಿ ಮಚ್ಚೆ ಅಡಗಿದೆಯೇ ಎಂದು ನೀವು ನೋಡಿ ಹೇಳಿದರೆ ರೋಗನಿರ್ಣಯಕ್ಕೆ ನಿಜವಾದ ಉಪಕಾರವಾಗುತ್ತದೆ.

ಈ ಹಂತದಲ್ಲಿ ಜನ ಎಡವುವುದು ಎರಡು ಕಡೆ. ಸಂಧಿವಾತಕ್ಕೆಂದು ಮಾಡುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದ ಮಾತ್ರಕ್ಕೆ ನೋವು ಸುಳ್ಳಲ್ಲ. 2006ರಲ್ಲಿ ಪ್ರಕಟವಾದ, ತಜ್ಞರು ಈ ಕಾಯಿಲೆಯನ್ನು ವರ್ಗೀಕರಿಸಲು ಬಳಸುವ ಕ್ಯಾಸ್ಪರ್ ಮಾನದಂಡದಲ್ಲಿ ಆ ನೆಗೆಟಿವ್ ಫಲಿತಾಂಶಕ್ಕೂ ಒಂದು ಅಂಕವಿದೆ. ರಕ್ತಸಂಬಂಧಿಗಳಲ್ಲಿ ಸೋರಿಯಾಸಿಸ್ ಇದ್ದದ್ದೂ ಅದೇ ಮಾನದಂಡದಲ್ಲಿ ಲೆಕ್ಕಕ್ಕೆ ಬರುವುದರಿಂದ, ತಜ್ಞರ ಬಳಿ ಹೋಗುವ ಮೊದಲು ಹಿರಿಯರನ್ನು ಕೂರಿಸಿಕೊಂಡು ಅಜ್ಜ, ಚಿಕ್ಕಪ್ಪ, ಸೋದರತ್ತೆಯರಲ್ಲಿ ಯಾರಿಗಾದರೂ ‘ಹೊಟ್ಟು ಉದುರುವ’ ತೊಂದರೆ ಇತ್ತೇ ಎಂದು ಕೇಳಿ ಬರೆದುಕೊಳ್ಳಿ. ಎರಡನೆಯದು ಯೂರಿಕ್ ಆಸಿಡ್. ಪಂದಿಕರಿಗೆ ಹೆಸರಾದ ಜಿಲ್ಲೆಯಲ್ಲಿ ಯಾರ ಕಾಲ್ಬೆರಳು ಊದಿದರೂ ಮೊದಲು ಬರುವ ಮಾತು ಅದೇ. ಸೋರಿಯಾಸಿಸ್ ಇರುವವರಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಏರಿರುವುದೂ ಉಂಟಾದ್ದರಿಂದ ಆ ಒಂದು ಸಂಖ್ಯೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಕೀಲುಗಳ ಈ ಬಗೆಯ ಕಾಯಿಲೆಗಳನ್ನು ನೋಡುವ ರುಮಟಾಲಜಿಸ್ಟ್ ಎಂಬ ತಜ್ಞರನ್ನು ಒಮ್ಮೆ ಕಾಣುವುದು ಅವಶ್ಯ. ಮೂಳೆ ಮುರಿದಾಗ ಕಾಣುವ ಮೂಳೆತಜ್ಞರು ಬೇರೆ, ಇವರು ಬೇರೆ.

2. ಇಂದು ಹೇಗಿದೆ ಎಂಬುದನ್ನು ಊಹಿಸದೆ ಕೇಳಿ

ಈ ಕಾಯಿಲೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ವಾರಗಟ್ಟಲೆ ತಣ್ಣಗಿದ್ದು ಒಂದು ದಿನ ಕೆರಳುತ್ತದೆ. ಕೆರಳಿದ ಈ ಅವಧಿಯನ್ನೇ ವೈದ್ಯರು ಫ್ಲೇರ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಕಾಣದಿರಬಹುದು. ದಣಿವಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ ಜ್ವರ ಬಿಟ್ಟ ಮರುದಿನದಂಥ ಆ ಸುಸ್ತು ಉರಿಯೂತದ ಭಾಗವೇ ಹೊರತು ಸೋಮಾರಿತನವಲ್ಲ.

ಹಾಗಾಗಿ ಇಬ್ಬರೂ ಒಪ್ಪಿಕೊಂಡ ಒಂದು ಸಣ್ಣ ಭಾಷೆಯನ್ನು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಬಿಸಿಲು, ಮೋಡ, ಮಳೆ. ಬಿಸಿಲು ಎಂದರೆ ಅವರ ಕೆಲಸವನ್ನು ಅವರೇ ಮಾಡಿಕೊಳ್ಳುತ್ತಾರೆ, ನಾನು ಕೈಹಾಕುವುದಿಲ್ಲ. ಮೋಡ ಎಂದರೆ ಭಾರ ಎತ್ತುವುದು, ಮುಚ್ಚಳ ತಿರುಗಿಸುವುದು ನನ್ನ ಪಾಲಿಗೆ. ಮಳೆ ಎಂದರೆ ಆ ದಿನದ ಯೋಜನೆಗಳೆಲ್ಲ ರದ್ದು, ಅದರ ಬಗ್ಗೆ ಚರ್ಚೆಯೂ ಇಲ್ಲ. ಬೆಳಿಗ್ಗೆ ಒಂದು ಶಬ್ದ ಹೇಳಿದರೆ ಮುಗಿಯುತ್ತದೆ. ನೆಂಟರ ಎದುರಿಗೆ ವಿವರಣೆ ಕೊಡುವ ಪ್ರಮೇಯವೇ ಬರುವುದಿಲ್ಲ. ರಾತ್ರಿ ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ದಿನಾಂಕ, ನೋವಿಗೆ ಸೊನ್ನೆಯಿಂದ 10ರೊಳಗೆ ಅವರೇ ಕೊಟ್ಟ ಅಂಕ, ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು, ಯಾವ ಕೀಲು ಊದಿತ್ತು, ಹೊಸ ಮಚ್ಚೆ ಎದ್ದಿದೆಯೇ. ಅಂಕವನ್ನು ನೀವು ಕೊಡಬೇಡಿ. ಮುಖ ನೋಡಿ ನಾಲ್ಕು ಎಂದು ನಾನು ಬರೆದ ದಿನಗಳಲ್ಲಿ ಅವರು ಏಳು ಎಂದದ್ದೇ ಹೆಚ್ಚು.

ಇಲ್ಲಿನ ದೊಡ್ಡ ತಪ್ಪು ‘ನಿನ್ನೆ ಮಾಡಿದಿರಲ್ಲ’ ಎಂಬ ಮಾತು. ಅಷ್ಟೇ ದೊಡ್ಡದು, ಪ್ರೀತಿಯ ಹೆಸರಿನಲ್ಲಿ ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವುದು. ಕೀಲುಗಳಿಗೆ ಚಲನೆ ಬೇಕು. ಶರ್ಟಿನ ಗುಂಡಿ ಹಾಕಲು ಹತ್ತು ನಿಮಿಷ ಹಿಡಿದರೆ ಹಿಡಿಯಲಿ, ಅವರು ಕರೆಯುವವರೆಗೆ ನೀವು ಅತ್ತ ತಿರುಗಿಕೊಂಡಿರಿ.

3. ಬೆಳಗಿನ ಒಂದು ಗಂಟೆಯನ್ನು ಬಿಟ್ಟುಕೊಡಿ

ಸವೆತದಿಂದ ಬರುವ ಮಂಡಿನೋವು ದುಡಿದಷ್ಟೂ ಹೆಚ್ಚುತ್ತದೆ, ಕುಳಿತರೆ ಇಳಿಯುತ್ತದೆ. ಉರಿಯೂತದ ನೋವು ಇದಕ್ಕೆ ತಿರುಗುಮುರುಗು: ವಿಶ್ರಾಂತಿಯಲ್ಲಿ ಹಿಡಿದುಕೊಂಡು, ನಿಧಾನವಾದ ಚಲನೆಯಲ್ಲಿ ಬಿಡುತ್ತದೆ. ಆದ್ದರಿಂದ ಏಳು ಗಂಟೆಗೆ ಹೊರಡಬೇಕಾದವರನ್ನು ಐದೂವರೆಗೆ ಎಬ್ಬಿಸುವುದು ಹಿಂಸೆಯಾಗದು. ಹಾಸಿಗೆಯಲ್ಲೇ ಪಾದ, ಮಣಿಕಟ್ಟು, ಬೆರಳುಗಳನ್ನು ಮೆಲ್ಲಗೆ ಆಡಿಸುವುದು, ನಂತರ ಬಿಸಿನೀರಿನ ಸ್ನಾನ ಅಥವಾ ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿಡುವುದು, ಆಮೇಲೆ ಅಂಗಳದಲ್ಲಿ ಸ್ವಲ್ಪ ನಡಿಗೆ ಎಂಬ ಕ್ರಮ ಬಹುಮಂದಿಗೆ ಹಿಡಿಸುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸ ನಿಮ್ಮದಾಗಲಿ. ಬಗ್ಗಿ ಸೌದೆ ತುಂಬುವುದು, ತುಂಬಿದ ಬಕೆಟ್ ಎತ್ತುವುದು ಎರಡೂ ಬಿಗಿದ ಬೆರಳುಗಳಿಗೆ ಆಗದ ಕೆಲಸ. ನೀರು ಹಿತವಾಗಿ ಬೆಚ್ಚಗಿದ್ದರೆ ಸಾಕು, ಸುಡುವ ನೀರು ಚರ್ಮವನ್ನು ಒಣಗಿಸುತ್ತದೆ. ಸ್ನಾನವಾದ ತಕ್ಷಣ ಮೈ ಒದ್ದೆ ಆರುವ ಮೊದಲೇ ವೈದ್ಯರು ಹೇಳಿದ ಮುಲಾಮನ್ನೋ ಸಾದಾ ತೆಂಗಿನೆಣ್ಣೆಯನ್ನೋ ಹಚ್ಚಬಹುದು.

ಎಣ್ಣೆ ತಿಕ್ಕಿ ಜೋರಾಗಿ ಉಜ್ಜುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಊದಿ ಬಿಸಿಯಾಗಿರುವ ಕೀಲನ್ನು ಒತ್ತಿ ತಿಕ್ಕಿದರೆ ನೋವು ಹೆಚ್ಚುತ್ತದೆ, ಚರ್ಮ ತರಚಿದರೆ ತರಚಿದ ಗೆರೆಯಲ್ಲೇ ಹೊಸ ಸೋರಿಯಾಸಿಸ್ ಏಳಬಹುದು. ಗಾಯವಾದಲ್ಲೆಲ್ಲ ಮಚ್ಚೆ ಏಳುವ ಈ ಗುಣಕ್ಕೆ ಕೋಬ್ನರ್ ಪರಿಣಾಮ ಎಂಬ ಹೆಸರಿದೆ. ಬಿಗಿತಕ್ಕೆ ಬಿಸಿ, ಕೆಂಪಾಗಿ ಊದಿದ್ದಕ್ಕೆ ಬಟ್ಟೆಯಲ್ಲಿ ಸುತ್ತಿದ ತಂಪು ಎಂಬಷ್ಟು ನೆನಪಿಟ್ಟರೆ ಸಾಕು.

4. ಮನೆ ಮತ್ತು ತೋಟದಲ್ಲಿ ಸಣ್ಣ ಬದಲಾವಣೆಗಳನ್ನು ಮಾಡಿ

ಮೊದಲು ತಿರುಗಿಸುವುದನ್ನು, ಹಿಂಡುವುದನ್ನು, ಕುಕ್ಕರಗಾಲಿನಲ್ಲಿ ಕೂರುವುದನ್ನು ಪಟ್ಟಿ ಮಾಡಿ. ಗುಂಡು ಹಿಡಿಯ ಬಾಗಿಲಿಗೆ ಉದ್ದ ಹಿಡಿ, ತಿರುಪು ನಲ್ಲಿಗೆ ಬದಲು ಎತ್ತಿ ಇಳಿಸುವ ನಲ್ಲಿ, ಕಕ್ಕಸಿನಲ್ಲಿ ಕಮೋಡ್ ಮತ್ತು ಗೋಡೆಗೆ ಹಿಡಿಕೆ, ಬಚ್ಚಲಿನಲ್ಲಿ ಒಂದು ಸ್ಟೂಲು ಇವಕ್ಕೆ ದೊಡ್ಡ ಖರ್ಚಿಲ್ಲ. ಹಳೆಯ ಮನೆಗಳ ಎತ್ತರದ ಹೊಸ್ತಿಲು, ಪಾಚಿ ಹಿಡಿಯುವ ಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಅಪಾಯಕಾರಿ. ಒಂದು ಬದಿಗಾದರೂ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಅಡುಗೆಮನೆಯಲ್ಲಿ ಅತ್ಯಂತ ಕಷ್ಟ ಕೊಡುವುದು ನೂಪುಟ್ಟಿನ ಒರಳು ಮತ್ತು ಕುಕ್ಕರಿನ ಮುಚ್ಚಳ. ಪತ್ನಿಗೆ ಕಾಯಿಲೆಯಿದ್ದರೆ ನೂಪುಟ್ಟು ಒತ್ತುವ ಕೆಲಸವನ್ನು ಪತಿ ವಹಿಸಿಕೊಳ್ಳಬೇಕು, ಇಲ್ಲವೇ ಆ ದಿನ ಕಡಂಬುಟ್ಟು ಮಾಡಿಕೊಳ್ಳಬೇಕು. ಚಾಕು, ಸೌಟು, ಹಲ್ಲುಜ್ಜುವ ಬ್ರಷ್‌ಗಳ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದರೆ ಹಿಡಿತ ಸುಲಭ.

ತೋಟದ ಕೆಲಸವನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಮೆಣಸು ಕೊಯ್ಯಲು ಏಣಿ ಹತ್ತುವುದು, ಮೂಟೆ ಹೊರುವುದು, ಗಂಟೆಗಟ್ಟಲೆ ಕತ್ತಿ ಹಿಡಿದು ಕಳೆ ಸವರುವುದು ಬೇರೆಯವರ ಪಾಲಿಗಿರಲಿ. ಲೆಕ್ಕ, ತೂಕ, ಕಣದ ಉಸ್ತುವಾರಿ ಅವರಿಗಿರಲಿ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾಗಿ ರೋಬಸ್ಟಾ ಮಾರ್ಚಿನವರೆಗೆ ಎಳೆಯುವುದರಿಂದ, ಈ ಹಂಚಿಕೆಯನ್ನು ಕೊಯ್ಲಿನ ನಡುವೆ ಜಗಳವಾಡಿ ಮಾಡುವ ಬದಲು ಅಕ್ಟೋಬರಿನಲ್ಲೇ ಕುಳಿತು ಮಾಡಿ. ತೋಟಕ್ಕೆ ಇಳಿಯುವಾಗ ಉದ್ದ ತೋಳಿನ ಅಂಗಿ, ಕೈಗವಸು, ಒಳಗೆ ಮೆತ್ತನೆಯ ಅಡಿಯಿರುವ ಗಂಬೂಟು ಕಡ್ಡಾಯ. ಜಿಗಣೆ ಕಚ್ಚಿದ ಜಾಗವನ್ನು ಕೆರೆದು ಹುಣ್ಣು ಮಾಡಿಕೊಳ್ಳುವುದು ನಮಗೆಲ್ಲ ಮಾಮೂಲಾದರೂ ಅವರಿಗೆ ಅದೇ ಕೋಬ್ನರ್‌ಗೆ ದಾರಿ.

5. ವಾರಕ್ಕೊಮ್ಮೆಯ ಮಾತ್ರೆಯ ಕಾವಲು ನಿಮ್ಮದು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಮೆಥೋಟ್ರೆಕ್ಸೇಟ್ ಎಂಬುದು ಈ ಕಾಯಿಲೆಗೆ ಬಹಳವಾಗಿ ಬರೆದುಕೊಡುವ ಔಷಧ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಸಿದು ಜೀವಕ್ಕೇ ಅಪಾಯವಾಗುತ್ತದೆ. ಹೀಗೆ ಸಾವುಗಳೂ ಆಗಿವೆ. ವಾರದ ಒಂದು ದಿನವನ್ನು ಆರಿಸಿಕೊಂಡು, ವೈದ್ಯರ ಚೀಟಿಯ ಮೇಲೆ, ಮಾತ್ರೆಯ ಡಬ್ಬಿಯ ಮೇಲೆ, ಕ್ಯಾಲೆಂಡರಿನಲ್ಲಿ ಆ ದಿನದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ನುಂಗಿದ ಕೂಡಲೇ ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ದಿನವೂ ನುಂಗುವ ಬೇರೆ ಮಾತ್ರೆಗಳ ಜೊತೆ ಅದೇ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ಈ ಮಾತ್ರೆ 2.5 ಮಿಲಿಗ್ರಾಂ, 10 ಮಿಲಿಗ್ರಾಂ ಹೀಗೆ ಬೇರೆ ಬೇರೆ ಶಕ್ತಿಯಲ್ಲಿ ದೊರೆಯುತ್ತದೆ. ಅಂಗಡಿಯಲ್ಲಿ ‘ಅದೇ ಮಾತ್ರೆ’ ಎಂದು ಕೊಟ್ಟರೂ ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಸಂಖ್ಯೆಯನ್ನು ಚೀಟಿಗೆ ಹೋಲಿಸಿ ನೋಡದೆ ಹೊರಗೆ ಬರಬೇಡಿ.

ಜೊತೆಗೆ ಫೋಲಿಕ್ ಆಸಿಡ್ ಎಂಬ ಜೀವಸತ್ವದ ಮಾತ್ರೆಯನ್ನು ಬೇರೆ ದಿನ ಕೊಡುತ್ತಾರೆ. ವಾಕರಿಕೆ, ಬಾಯಿಹುಣ್ಣು ಕಡಿಮೆಯಾಗಲು ಅದು ಬೇಕು. ಮಾತ್ರೆಯ ಮರುದಿನ ಅನೇಕರಿಗೆ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಮರುದಿನ ಮದುವೆ, ಪ್ರಯಾಣ ಇಲ್ಲದ ದಿನವನ್ನು ಆರಿಸಿಕೊಳ್ಳುವುದು ಜಾಣತನ. ಔಷಧದ ಗುಣ ಕಾಣಲು ಎರಡು ಮೂರು ತಿಂಗಳೇ ಹಿಡಿಯಬಹುದು. ಒಂದು ತಿಂಗಳಿಗೇ ‘ಏನೂ ಉಪಯೋಗವಿಲ್ಲ’ ಎಂದು ಬಿಟ್ಟವರು ನನಗೆ ಗೊತ್ತಿರುವವರಲ್ಲೇ ಹಲವರಿದ್ದಾರೆ. ಒಂದು ವಾರ ಮರೆತರೆ ಮುಂದಿನ ವಾರ ಎರಡರಷ್ಟು ನುಂಗುವಂತಿಲ್ಲ. ವೈದ್ಯರಿಗೆ ಫೋನ್ ಮಾಡಿ. ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಆರಂಭದಲ್ಲಿ ಬೇಗ ಬೇಗ, ನಂತರ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಪರೀಕ್ಷೆಯ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತಿಸಿ.

ಮದ್ಯದ ಮಾತನ್ನು ಕೊಡಗಿನಲ್ಲಿ ನೇರವಾಗಿಯೇ ಹೇಳಬೇಕು. ಮೆಥೋಟ್ರೆಕ್ಸೇಟೂ ಮದ್ಯವೂ ಸೇರಿದರೆ ಯಕೃತ್ತಿನ ಮೇಲೆ ಇಮ್ಮಡಿ ಹೊರೆ. ಕೈಲ್‌ಪೊಳ್ದಿಗೋ ಪುತ್ತರಿಗೋ ಒಂದು ಲೋಟ ಎಂದು ಒತ್ತಾಯಿಸುವವರನ್ನು ತಡೆಯುವ ಕೆಲಸವನ್ನು ರೋಗಿಯ ಹೆಗಲಿಗೆ ಹಾಕದೆ ನೀವೇ ‘ಡಾಕ್ಟರು ಬೇಡವೆಂದಿದ್ದಾರೆ’ ಎಂದುಬಿಡಿ. ಎಷ್ಟು ಕುಡಿಯುತ್ತಾರೆಂಬುದನ್ನು ವೈದ್ಯರ ಮುಂದೆ ಮುಚ್ಚಿಡುವುದು ಇನ್ನೂ ಕೆಟ್ಟದ್ದು.

ಬೇರೆ ಯಾವ ವೈದ್ಯರ ಬಳಿ ಹೋದರೂ ಈ ಔಷಧದ ಹೆಸರನ್ನು ಮೊದಲೇ ಹೇಳಿ. ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಇದರ ಜೊತೆ ಸೇರಿದರೆ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯಬಹುದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ಕೇಳಿ ತಂದು ಸೇರಿಸುವುದೂ ಬೇಡ. ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಮರುದಿನವೇ ಓಡಾಡುವಂತಾಗುತ್ತದೆ ನಿಜ, ಆದರೆ ಅದರ ಪ್ರಭಾವ ಇಳಿದಾಗ ಸೋರಿಯಾಸಿಸ್ ಮೈತುಂಬ ಕೆರಳಿ ಏಳಬಹುದಾದ್ದರಿಂದ ತಜ್ಞರ ಸಲಹೆಯಿಲ್ಲದೆ ಅದು ಸಲ್ಲದು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ಎರಡೇ ದಿನದಲ್ಲಿ ಪವಾಡ ತೋರಿಸುವ ಪುಡಿಗಳನ್ನು ಇದೇ ಕಾರಣಕ್ಕೆ ಅನುಮಾನದಿಂದ ನೋಡಿ. ಕಕ್ಕಡದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಮಾಡಿ ತಿನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹದಿನೆಂಟು ಮದ್ದು ಹೊಟ್ಟೆಗೆ ಹೋಯಿತೆಂದು ಆ ವಾರದ ಮಾತ್ರೆ ಬಿಡುವುದಕ್ಕೆ ಮಾತ್ರ ಅಡ್ಡಿಯಿದೆ.

6. ಚುಚ್ಚುಮದ್ದಿದ್ದರೆ ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಿದ್ಧರಾಗಿ

ಮಾತ್ರೆಗಳಿಂದ ಹತೋಟಿಗೆ ಬರದಿದ್ದಾಗ ಬಯಾಲಾಜಿಕ್ ಎಂಬ ಬಗೆಯ ಚುಚ್ಚುಮದ್ದನ್ನು ಕೊಡುತ್ತಾರೆ. ಅಡಾಲಿಮುಮಾಬ್, ಎಟನರ್ಸೆಪ್ಟ್, ಸೆಕುಕಿನುಮಾಬ್ ಈ ಗುಂಪಿನವು. ಉರಿಯೂತವನ್ನು ಹೊತ್ತಿಸುವ ಒಂದೊಂದು ನಿರ್ದಿಷ್ಟ ಸಂಕೇತವನ್ನು ಇವು ತಡೆಯುತ್ತವೆ. ಆರಂಭಕ್ಕೆ ಮುನ್ನ ಕ್ಷಯರೋಗ ಮೈಯಲ್ಲಿ ಅಡಗಿದೆಯೇ ಎಂದು ಎದೆಯ ಎಕ್ಸ್‌ರೇ ಮತ್ತು ಚರ್ಮದ ಅಥವಾ ರಕ್ತದ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಾಗಲಿ, ತೋಟದ ಲೈನ್ ಮನೆಗಳಲ್ಲಾಗಲಿ ಯಾರಿಗಾದರೂ ಕ್ಷಯವಿದ್ದು ಅವರೊಡನೆ ಹತ್ತಿರದ ಒಡನಾಟ ಇದ್ದಿದ್ದರೆ ಮುಚ್ಚಿಡದೆ ಹೇಳಿ.

ಈ ಔಷಧಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮರ ಬಿದ್ದು, ಕಂಬ ಮುರಿದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಇದೇ ದೊಡ್ಡ ತಲೆನೋವು. ಮೇ ತಿಂಗಳಲ್ಲಿ ಮೂರು ಕೆಲಸ ಮುಗಿಸಿ. ಮೊದಲನೆಯದಾಗಿ, ನಿಮ್ಮ ಔಷಧದ ಪೆಟ್ಟಿಗೆಯೊಳಗಿನ ಕಾಗದವನ್ನು ಓದಿ, ಫ್ರಿಜ್ಜಿನ ಹೊರಗೆ ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇಡಬಹುದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಒಮ್ಮೆ ಹೊರಗಿಟ್ಟ ಮೇಲೆ ಮತ್ತೆ ಒಳಗಿಡಬಹುದೇ ಎಂಬುದನ್ನೂ ಅಲ್ಲೇ ಹೇಳಿರುತ್ತಾರೆ. ಎರಡನೆಯದಾಗಿ, ಜನರೇಟರ್ ಇರುವ ಹತ್ತಿರದ ಔಷಧದಂಗಡಿಯಲ್ಲೋ ಆಸ್ಪತ್ರೆಯಲ್ಲೋ ತುರ್ತಿಗೆ ಒಂದು ಸಿರಿಂಜನ್ನು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿಟ್ಟುಕೊಳ್ಳಿ. ಮೂರನೆಯದಾಗಿ, ಮಳೆ ಜೋರಾಗುವ ಮೊದಲೇ ಮಾತ್ರೆಗಳನ್ನು ಆರು ವಾರಕ್ಕಾಗುವಷ್ಟು ತಂದಿಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ, ಸಂಪಾಜೆ ನಡುವಿನ ಹೆದ್ದಾರಿ ಮುಚ್ಚಿಹೋದದ್ದನ್ನು ನೋಡಿದವರಿಗೆ ಈ ಮಾತಿನ ಅಗತ್ಯವಿಲ್ಲ.

ಫ್ರಿಜ್ಜಿನಲ್ಲಿ ಔಷಧದ ಜಾಗ ನಡುವಿನ ತಟ್ಟೆ. ಬಾಗಿಲಿನಲ್ಲಿ ಬೇಡ, ಐಸ್ ಕಟ್ಟುವ ಗೂಡಿಗೆ ತಾಗಿಸಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದ ಔಷಧ ಮತ್ತೆ ಕರಗಿ ನೀರಾದರೂ ಬಳಸುವಂತಿಲ್ಲ, ಸಾವಿರಾರು ರೂಪಾಯಿ ಹೋಯಿತೆಂದು ಮನಸ್ಸು ಒಪ್ಪದಿದ್ದರೂ ಎಸೆಯಲೇಬೇಕು. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಥರ್ಮೋಕೋಲ್ ಪೆಟ್ಟಿಗೆಗೆ ವರ್ಗಾಯಿಸಿ. ಜೆಲ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ, ಔಷಧಕ್ಕೆ ನೇರವಾಗಿ ತಾಗದಂತೆ ಇಡಿ. ಮೈಸೂರಿನಿಂದ ತರುವಾಗಲೂ ಕ್ರಮ ಇದೇ. ಕಾರಿನ ಡಿಕ್ಕಿಗೆ ಹಾಕದೆ ಸೀಟಿನ ಬಳಿಯೇ ಇಟ್ಟುಕೊಳ್ಳಿ.

ಚುಚ್ಚುವುದನ್ನು ನರ್ಸ್ ಒಮ್ಮೆ ತೋರಿಸಿಕೊಟ್ಟರೆ ಮನೆಯಲ್ಲೇ ಮಾಡಬಹುದು. ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟರೆ ಉರಿ ಕಡಿಮೆ. ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಬಾರದು, ಅಲುಗಾಡಿಸಬಾರದು. ತೊಡೆ, ಹೊಟ್ಟೆಗಳಲ್ಲಿ ಪ್ರತಿ ಬಾರಿ ಜಾಗ ಬದಲಿಸಿ, ಮಚ್ಚೆಯಿರುವ ಜಾಗವನ್ನು ಬಿಟ್ಟು ಚುಚ್ಚಿ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಒಪ್ಪಿಸಿ. ಗೊಬ್ಬರದ ಗುಂಡಿಗೆ ಎಸೆದರೆ ನಾಳೆ ಅದು ಬರಿಗಾಲಿನ ಕೆಲಸದವರ ಪಾದಕ್ಕೆ ಹೊಕ್ಕುತ್ತದೆ.

ಜ್ವರ ಬಂದಾಗ, ಗಾಯ ಕೀವಾದಾಗ, ಮುಂದಿನ ಚುಚ್ಚುಮದ್ದನ್ನು ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಈ ಔಷಧಗಳು ಸೋಂಕನ್ನು ಎದುರಿಸುವ ಶಕ್ತಿಯನ್ನು ತಗ್ಗಿಸುವುದರಿಂದ, ಮಳೆಗಾಲದ ‘ಸಾದಾ ಜ್ವರ’ ಇವರ ಮಟ್ಟಿಗೆ ಸಾದಾ ಅಲ್ಲ. ಜೀವಂತ ರೋಗಾಣುಗಳಿಂದ ತಯಾರಾದ ಲಸಿಕೆಗಳು ಇವರಿಗೆ ಸಾಮಾನ್ಯವಾಗಿ ನಿಷಿದ್ಧ.

7. ತಜ್ಞರ ಭೇಟಿಯನ್ನು ವ್ಯರ್ಥ ಮಾಡಿಕೊಳ್ಳಬೇಡಿ

ರೈಲು ಇಲ್ಲದ ನಮ್ಮ ಜಿಲ್ಲೆಯಿಂದ ಮೈಸೂರಿಗೋ ಮಂಗಳೂರಿಗೋ ರಸ್ತೆಯಲ್ಲೇ ಹೋಗಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮೂರು ಗಂಟೆ ಒಂದೇ ಸಮನೆ ಕುಳಿತರೆ ಇಳಿಯುವಾಗ ಬೆನ್ನು, ಮಂಡಿ ಹಿಡಿದುಕೊಂಡಿರುತ್ತವೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಬೇಡ, ಮಧ್ಯಾಹ್ನದ್ದನ್ನು ಕೇಳಿ. ರಕ್ತಪರೀಕ್ಷೆಯನ್ನು ಎರಡು ದಿನ ಮೊದಲೇ ಹತ್ತಿರದಲ್ಲೇ ಮಾಡಿಸಿ ರಿಪೋರ್ಟು ಕೈಯಲ್ಲಿ ಹಿಡಿದು ಹೋದರೆ ಒಂದು ಓಡಾಟ ಉಳಿಯುತ್ತದೆ. ಊದಿದ ಬೆರಳಿನ, ಎದ್ದ ಮಚ್ಚೆಯ ಫೋಟೋವನ್ನು ಆಗಿನ ದಿನಾಂಕದ ಸಮೇತ ತೆಗೆದಿಟ್ಟಿರಿ, ಏಕೆಂದರೆ ವೈದ್ಯರ ಮುಂದೆ ಕುಳಿತ ದಿನ ಊತ ಇಳಿದಿರುವುದು ಈ ಕಾಯಿಲೆಯ ಹಳೆಯ ಚಾಳಿ.

ಒಳಗೆ ಹೋದಾಗ ಮಾತು ಅವರದು, ನೋಟ್‌ಬುಕ್ ನಿಮ್ಮದು. ‘ಪರವಾಗಿಲ್ಲ ಡಾಕ್ಟ್ರೇ’ ಎಂದು ಅವರು ಹೇಳಿಬಿಟ್ಟರೆ ಎದುರುವಾದಿಸದೆ ಕಳೆದ ತಿಂಗಳ ಪುಟವನ್ನು ತೆರೆದು ಮೇಜಿನ ಮೇಲಿಡಿ. ಮೂರು ಪ್ರಶ್ನೆಗಳಿಗಿಂತ ಹೆಚ್ಚು ಬರೆದುಕೊಂಡು ಹೋಗಬೇಡಿ, ಉತ್ತರಗಳನ್ನು ಅಲ್ಲೇ ಬರೆದುಕೊಳ್ಳಿ. ಆರೋಗ್ಯವಿಮೆ ಮಾಡಿಸುವುದಿದ್ದರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಲಾಗಿದೆ.

8. ಊಟ

ಇದನ್ನು ತಿಂದರೆ ಗುಣ, ಅದನ್ನು ಬಿಟ್ಟರೆ ಗುಣ ಎಂಬ ಪಥ್ಯ ಈ ಕಾಯಿಲೆಗಿಲ್ಲ. ತೂಕ ಹೆಚ್ಚಿದ್ದರೆ ಇಳಿಸುವುದರಿಂದ ನೋವೂ ತಗ್ಗುತ್ತದೆ, ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ. ಬೀಡಿ ಸಿಗರೇಟು ಬಿಡಬೇಕು. ಈ ಕಾಯಿಲೆಯಲ್ಲಿ ಹೃದ್ರೋಗದ ಸಾಧ್ಯತೆ ಹೆಚ್ಚಿರುವುದರಿಂದ ಪಂದಿಕರಿಯ ಕೊಬ್ಬಿನ ತುಂಡುಗಳನ್ನು ಬದಿಗಿಡುವುದು ಒಳ್ಳೆಯದು. ಕರಿಯನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ.

9. ದಾಂಪತ್ಯ, ಮಕ್ಕಳು

ಸೋರಿಯಾಸಿಸ್ ಅಂಟುವುದಿಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆ, ಅಪ್ಪುಗೆ, ದೈಹಿಕ ಸಂಬಂಧ ಯಾವುದರಿಂದಲೂ ಹರಡುವುದಿಲ್ಲ. ಮಚ್ಚೆಗಳು ಗುಪ್ತಾಂಗಗಳ ಬಳಿಯೂ ಏಳಬಹುದು. ಆಗ ನಾಚಿಕೆಯಿಂದ ಒಬ್ಬರು ದೂರ ಸರಿದರೆ, ಇನ್ನೊಬ್ಬರು ಅದನ್ನು ತಿರಸ್ಕಾರವೆಂದು ತಪ್ಪಾಗಿ ತಿಳಿಯುತ್ತಾರೆ. ಆ ಜಾಗಕ್ಕೆ ಪ್ರತ್ಯೇಕ ಮುಲಾಮುಗಳಿವೆ, ಚರ್ಮವೈದ್ಯರಿಗೆ ತೋರಿಸಬೇಕು, ಕೈಯ ಮಚ್ಚೆಗೆಂದು ಕೊಟ್ಟ ಮುಲಾಮನ್ನು ಅಲ್ಲಿಗೆ ಹಚ್ಚಬಾರದು. ನೋವಿನ ದಿನ ಯಾವುದು, ಬೇಡದ ದಿನ ಯಾವುದು ಎಂಬುದನ್ನು ಮಾತನಾಡಿ ತಿಳಿದುಕೊಳ್ಳುವುದರ ಹೊರತು ಬೇರೆ ಉಪಾಯವಿಲ್ಲ.

ಮಗು ಬೇಕೆಂದಿದ್ದರೆ ಹಲವು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಿ. ಗರ್ಭಿಣಿ ಮೆಥೋಟ್ರೆಕ್ಸೇಟ್ ತೆಗೆದುಕೊಂಡರೆ ಗರ್ಭಪಾತ, ಶಿಶುವಿಗೆ ಹುಟ್ಟುದೋಷ ಉಂಟಾಗಬಹುದಾದ್ದರಿಂದ ಗರ್ಭಧಾರಣೆಗೆ ಮುಂಚಿತವಾಗಿ ಅದನ್ನು ನಿಲ್ಲಿಸಲೇಬೇಕು; ಲೆಫ್ಲುನೋಮೈಡ್ ಎಂಬ ಮಾತ್ರೆಯಾದರೆ ದೇಹದಿಂದ ಅದನ್ನು ಹೊರಹಾಕಲು ಬೇರೆಯೇ ಚಿಕಿತ್ಸೆ ಬೇಕಾಗುತ್ತದೆ. ಔಷಧ ತೆಗೆದುಕೊಳ್ಳುತ್ತಿರುವವರು ಪತಿಯಾದರೂ ಕೇಳಿಯೇ ಮುಂದುವರಿಯಿರಿ. ಮಕ್ಕಳಿಗೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚಿದ್ದರೂ ಬಂದೇ ಬರುತ್ತದೆ ಎಂದಿಲ್ಲ.

10. ನೆಂಟರು, ಹಬ್ಬ, ಮತ್ತು ನೀವು

ಮದುವೆಮನೆಯಲ್ಲಿ ಅಕ್ಕಿ ಹಾಕಿ ಹರಸಲು ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಹಿಮ್ಮಡಿ ನೋವಿನವರಿಗೆ ಆಗದು. ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಯಾರೂ ಅನ್ಯಥಾ ಭಾವಿಸುವುದಿಲ್ಲ. ಕೈಮೇಲಿನ ಮಚ್ಚೆ ನೋಡಿ ‘ಇದೇನು, ಅಂಟುತ್ತದೆಯೇ’ ಎಂದು ಕೇಳುವವರಿಗೆ ಉತ್ತರ ಕೊಡುವುದು ಅವರಿಗೆ ಇಷ್ಟವೋ, ನೀವು ಕೊಡಬೇಕೋ ಎಂಬುದನ್ನು ಮನೆಯಿಂದ ಹೊರಡುವಾಗಲೇ ಕೇಳಿಕೊಳ್ಳಿ.

ನಿಮಗಾಗಿ ವಾರದಲ್ಲಿ ಅರ್ಧ ದಿನ ಎತ್ತಿಡಿ, ಆ ಹೊತ್ತಿಗೆ ಮನೆಯಲ್ಲಿ ಬೇರೊಬ್ಬರು ಇರುವಂತೆ ನೋಡಿಕೊಳ್ಳಿ. ಸಿಟ್ಟು ಬರುತ್ತದೆ, ಕಾಯಿಲೆಯ ಮೇಲೆ ಬಂದ ಸಿಟ್ಟು ಮನುಷ್ಯರ ಮೇಲೆ ಹೊರಡುವುದೂ ಉಂಟು. ಈ ಕಾಯಿಲೆಯಲ್ಲಿ ಖಿನ್ನತೆ ಸಾಮಾನ್ಯ, ಅದು ರೋಗಿಯನ್ನೇ ಹಿಡಿಯಬೇಕೆಂದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

11. ತಡಮಾಡಬಾರದ ಸಂದರ್ಭಗಳನ್ನು ಬರೆದು ಅಂಟಿಸಿ

ಒಂದು ಹಾಳೆಯಲ್ಲಿ ಕೆಳಗಿನದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಏಕೆಂದರೆ ನೀವು ಪೇಟೆಗೆ ಹೋಗಿರುವಾಗ ಮನೆಯಲ್ಲಿರುವವರಿಗೂ ಇದು ತಿಳಿದಿರಬೇಕು. ಕಣ್ಣು ಕೆಂಪಾಗಿ ನೋಯುತ್ತ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಅದು ಯುವಿಯೈಟಿಸ್ ಎಂಬ ಕಣ್ಣಿನೊಳಗಿನ ಉರಿಯೂತವಾಗಿರಬಹುದು. ಮನೆಯಲ್ಲಿದ್ದ ಹಳೆಯ ಹನಿ ಹಾಕದೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಒಂದೇ ಕೀಲು ಹಠಾತ್ತನೆ ಊದಿ, ಮುಟ್ಟಲಾಗದಷ್ಟು ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಕೀಲಿನೊಳಗೆ ಸೋಂಕು ಹೊಕ್ಕಿರುವ ಸಾಧ್ಯತೆಯಿದೆ. ಇದನ್ನು ಫ್ಲೇರ್ ಎಂದುಕೊಂಡು ರಾತ್ರಿ ಕಳೆಯಬಾರದು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬಾಯಿತುಂಬ ಹುಣ್ಣು, ಜ್ವರದೊಡನೆ ಗಂಟಲುನೋವು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಒಣಕೆಮ್ಮಿನೊಂದಿಗೆ ಉಸಿರು ಕಟ್ಟುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಮಾತ್ರೆಯನ್ನು ತಪ್ಪಿ ಎರಡು ದಿನ ನುಂಗಿದ್ದಾರೆಂದು ತಿಳಿದರೆ ಲಕ್ಷಣಗಳಿಗೆ ಕಾಯಬೇಡಿ. ಎದೆನೋವಿಗೆ, ಉಸಿರಾಟದ ಕಷ್ಟಕ್ಕೆ 108. ಹಾಳೆಯ ಕೆಳಗೆ ತಜ್ಞರ ಫೋನ್ ನಂಬರು, ಈಗ ನಡೆಯುತ್ತಿರುವ ಔಷಧಗಳ ಹೆಸರು ಮತ್ತು ಪ್ರಮಾಣ, ಕಳೆದ ಚುಚ್ಚುಮದ್ದಿನ ದಿನಾಂಕ ಇರಲಿ. ದಿನಾಂಕವನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಪ್ರತಿ ಸಲ ಅಳಿಸಿ ಬರೆಯಬೇಕಾಗುತ್ತದೆ.